ಓಟದ ದಮ್ಮು ಖಾನ್‌ದಾನಿನಿಂದ ಬರುತ್ತದೆಯೇ?

“ನಮ್ಮ ಖಾನ್‌ದಾನಿನಲ್ಲಿ ಓಡಿದವರು ಯಾರೂ ಇಲ್ಲ ಡಾಕ್ಟರ್ ಸಾಬ್, ಇವನಿಗೆ ಎಲ್ಲಿಂದ ಬರಬೇಕು ಆ ದಮ್ಮು?” ತಂದೆ ತಾಯಂದಿರ ಬಾಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಮಗ ಪಕ್ಕದಲ್ಲೇ ತಲೆ ತಗ್ಗಿಸಿ ಕುಳಿತಿರುತ್ತಾನೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತನ್ನು ಹೇಳುವ ಅಗತ್ಯವೂ ಬೀಳುವುದಿಲ್ಲ, ಅವರನ್ನು ಓಡು ಎಂದು ಯಾರೂ ಹೇಳಿರುವುದೇ ಇಲ್ಲ.

ಇದು ಬರೀ ಆಟದ ಮಾತಲ್ಲ. ಟೇಕಲ್, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಪಿಯುಸಿ ಅಥವಾ ಡಿಗ್ರಿ ಮುಗಿಸಿದ ಹುಡುಗರು ಪೊಲೀಸ್ ಇಲಾಖೆಗೋ ಸೇನೆಗೋ ಅರ್ಜಿ ಹಾಕುತ್ತಾರೆ. ರಾಜ್ಯದ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರಿಗೆ ಪೂರ್ಣ ಅಂಕ ಬೇಕಿದ್ದರೆ 5 ನಿಮಿಷ 30 ಸೆಕೆಂಡಿನೊಳಗೆ ಮುಟ್ಟಬೇಕು. ಲಿಖಿತ ಪರೀಕ್ಷೆಯಲ್ಲಿ ಗೆದ್ದು ಮೈದಾನದಲ್ಲಿ ಸೋತು ಬರುವವರಿದ್ದಾರೆ. ಮೈದಾನಕ್ಕೆ ಇಳಿಯುವ ಮೊದಲೇ “ನಮ್ಮ ರಕ್ತದಲ್ಲಿಲ್ಲ” ಎಂದು ಕೈಚೆಲ್ಲುವವರು ಅವರಿಗಿಂತ ಹೆಚ್ಚು. ಒಂದು ಸರ್ಕಾರಿ ಕೆಲಸ, ಒಂದು ಸಂಸಾರದ ಅನ್ನ ಈ ಮಾತಿನ ಮೇಲೆ ನಿಂತಿರುವಾಗ ಅದು ಎಷ್ಟು ನಿಜ ಎಂದು ನೀವು ತಿಳಿದಿರಬೇಕು.

ದಮ್ಮು ಎಂದರೇನು?

ನೂರು ಮೀಟರ್ ಓಟಕ್ಕೂ ದೂರದ ಓಟಕ್ಕೂ ದೇಹ ಬಳಸುವ ಶಕ್ತಿ ಬೇರೆ ಬೇರೆ. ಹತ್ತು ಹನ್ನೆರಡು ಸೆಕೆಂಡಿನ ಓಟವನ್ನು ಸ್ನಾಯುವಿನಲ್ಲಿ ಆಗಲೇ ಕೂಡಿಟ್ಟ ಇಂಧನದಿಂದ ಮುಗಿಸಬಹುದು. ಆರು ನಿಮಿಷದ ಓಟ ಹಾಗಲ್ಲ, ಅದರ ಬಹುಪಾಲು ಉಸಿರಿನಿಂದ ಬರುವ ಆಮ್ಲಜನಕದ ಬಲದ ಮೇಲೆಯೇ ನಡೆಯಬೇಕು. ಇದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು.

ಮೊದಲನೆಯದು, ಒಂದು ನಿಮಿಷದಲ್ಲಿ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು. ಇದರಲ್ಲಿ ಶ್ವಾಸಕೋಶ, ಹೃದಯ, ರಕ್ತದ ಹಿಮೋಗ್ಲೋಬಿನ್, ಸ್ನಾಯು ಎಲ್ಲಕ್ಕೂ ಪಾಲಿದೆ. ಅಭ್ಯಾಸವಿಲ್ಲದ ಆರೋಗ್ಯವಂತ ಯುವಕನಲ್ಲಿ ಇದು ದೇಹತೂಕದ ಪ್ರತಿ ಕಿಲೋಗೆ ಸುಮಾರು 40 ಮಿಲಿಲೀಟರ್ ಆಸುಪಾಸು ಇರುತ್ತದೆ. ಜಗತ್ತಿನ ಉನ್ನತ ದರ್ಜೆಯ ದೂರ ಓಟಗಾರರಲ್ಲಿ 70ರಿಂದ 85ರವರೆಗೆ ಹೋಗುತ್ತದೆ.

ಎರಡನೆಯದು, ಆ ಗರಿಷ್ಠದ ಎಷ್ಟು ಭಾಗವನ್ನು ಕಾಲು ಕಲ್ಲಾಗದಂತೆ ಉಳಿಸಿಕೊಂಡು ಓಡಬಲ್ಲಿರಿ ಎಂಬುದು. ಮೂರನೆಯದು ಮೈಲೇಜು. ಒಂದೇ ಲೀಟರ್ ಪೆಟ್ರೋಲಿನಲ್ಲಿ ಒಂದು ಬೈಕು 40 ಕಿಲೋಮೀಟರ್ ಹೋದರೆ ಇನ್ನೊಂದು 60 ಹೋಗುತ್ತದಲ್ಲ, ಹಾಗೆಯೇ ಒಂದೇ ಪ್ರಮಾಣದ ಆಮ್ಲಜನಕದಲ್ಲಿ ಒಬ್ಬ ಹೆಚ್ಚು ದೂರ ಓಡುತ್ತಾನೆ, ಇನ್ನೊಬ್ಬ ಕಡಿಮೆ. ತೆಳುವಾದ ಕಣಕಾಲು, ಹಗುರವಾದ ಮೈ, ಹಲವು ವರ್ಷಗಳ ಅಭ್ಯಾಸ ಈ ಮೈಲೇಜನ್ನು ಹೆಚ್ಚಿಸುತ್ತವೆ.

ಮೂರರಲ್ಲೂ ಹುಟ್ಟಿನಿಂದ ಬಂದದ್ದು ಸ್ವಲ್ಪ ಇದೆ, ನಾವು ಗಳಿಸಿಕೊಳ್ಳುವುದೂ ಇದೆ. ಯಾವುದು ಎಷ್ಟು ಎಂಬುದೇ ಪ್ರಶ್ನೆ.

ಹುಟ್ಟಿನ ಪಾಲು ಎಷ್ಟು?

1990ರ ದಶಕದಲ್ಲಿ ಕ್ಲೋಡ್ ಬುಶಾರ್ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ‘ಹೆರಿಟೇಜ್’ ಹೆಸರಿನ ಒಂದು ದೊಡ್ಡ ಅಧ್ಯಯನ ನಡೆಯಿತು. ವ್ಯಾಯಾಮದ ರೂಢಿಯೇ ಇಲ್ಲದ ಕುಟುಂಬಗಳನ್ನು, ತಂದೆ ತಾಯಿ ಮಕ್ಕಳ ಸಮೇತ, ಆರಿಸಿಕೊಂಡರು. ಇಪ್ಪತ್ತು ವಾರ ಎಲ್ಲರಿಗೂ ಒಂದೇ ಕ್ರಮದ ಸೈಕಲ್ ತರಬೇತಿ ಕೊಟ್ಟು, ಮೊದಲು ಮತ್ತು ಕೊನೆಗೆ ಅವರ ಉಸಿರಿನ ಬಲ ಅಳೆದರು. 1999ರಲ್ಲಿ ಪ್ರಕಟವಾದ ಫಲಿತಾಂಶ 98 ಕುಟುಂಬಗಳ 481 ಜನರದು.

ಸರಾಸರಿ ನೋಡಿದರೆ ಎಲ್ಲರೂ ಸುಧಾರಿಸಿದ್ದರು, ನಿಮಿಷಕ್ಕೆ ಸುಮಾರು 400 ಮಿಲಿಲೀಟರಿನಷ್ಟು ಹೆಚ್ಚು ಆಮ್ಲಜನಕ ಬಳಸುವಷ್ಟು. ಆದರೆ ಬಿಡಿಬಿಡಿಯಾಗಿ ನೋಡಿದಾಗ ಕೆಲವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು, ಕೆಲವರು ಒಂದು ಲೀಟರಿಗೂ ಹೆಚ್ಚು ಮುಂದೆ ಹೋಗಿದ್ದರು. ಒಂದೇ ಮನೆಯವರು ಒಬ್ಬರಿಗೊಬ್ಬರು ಹೋಲುತ್ತಿದ್ದರು. ಲೆಕ್ಕ ಹಾಕಿದಾಗ, ತರಬೇತಿಗೆ ದೇಹ ಸ್ಪಂದಿಸುವುದರಲ್ಲಿ ಜನರ ನಡುವೆ ಕಂಡ ವ್ಯತ್ಯಾಸದ ಸುಮಾರು 47 ಶೇಕಡಾ ಕುಟುಂಬದ ಮೂಲದ್ದು ಎಂದು ತಿಳಿಯಿತು.

ಇದರಿಂದ ಎರಡು ಪಾಠಗಳಿವೆ. ಖಾನ್‌ದಾನಿಗೆ ಪಾಲಿದೆ, ಇಲ್ಲವೆನ್ನುವುದು ಸುಳ್ಳು. ಇನ್ನೊಂದು ಪಾಠ ನಮ್ಮ ತಂದೆ ತಾಯಂದಿರು ಗಮನಿಸಬೇಕಾದ್ದು. ಯಾರು ಎಷ್ಟು ಸುಧಾರಿಸುತ್ತಾರೆ ಎಂಬುದು ಇಪ್ಪತ್ತು ವಾರದ ಅಭ್ಯಾಸ ಮುಗಿದ ಮೇಲೆ ತಿಳಿಯಿತೇ ಹೊರತು ಮೊದಲ ದಿನ ಮುಖ ನೋಡಿ ಯಾರಿಗೂ ಹೇಳಲಾಗಲಿಲ್ಲ. ನಿಮ್ಮ ಮನೆಯಲ್ಲಿ ಯಾರೂ ಓಡಿಲ್ಲ ಎಂದರೆ ನಿಮ್ಮ ರಕ್ತದಲ್ಲಿ ದಮ್ಮಿಲ್ಲ ಎಂದಲ್ಲ. ಅದನ್ನು ಇದುವರೆಗೆ ಯಾರೂ ಪರೀಕ್ಷಿಸಿಲ್ಲ ಎಂದಷ್ಟೇ ಅರ್ಥ. ದಿನವಿಡೀ ಬಂಡೆ ಒಡೆದ, ಇಟ್ಟಿಗೆ ಹೊತ್ತ, ರೇಷ್ಮೆ ಸೊಪ್ಪಿನ ಮೂಟೆ ಎತ್ತಿದ ದಾದಾ ಒಬ್ಬರು ಓಟದ ಸ್ಪರ್ಧೆಗೆ ಹೋಗಲು ಯಾವಾಗ ಬಿಡುವಿತ್ತು?

‘ಓಟದ ಜೀನ್’ ಪರೀಕ್ಷೆಗೆ ಹಣ ಕೊಡಬೇಕೇ?

ಈಗ ಮೊಬೈಲಿನಲ್ಲಿ ಒಂದು ಹೊಸ ಜಾಹೀರಾತು ಕಾಣುತ್ತದೆ. ಮಗುವಿನ ಎಂಜಲನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕಳುಹಿಸಿದರೆ ಅದು ಓಟಗಾರನಾಗುತ್ತದೋ ಕುಸ್ತಿಪಟುವಾಗುತ್ತದೋ ಹೇಳಿಕೊಡುತ್ತಾರಂತೆ. ಇಂಥ ಪರೀಕ್ಷೆಗಳಲ್ಲಿ ಹೆಚ್ಚಾಗಿ ನೋಡುವ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ, ಎರಡು ಹೆಸರುವಾಸಿ.

ಒಂದರ ಹೆಸರು ಎಸಿಟಿಎನ್-3. ವೇಗದ ಸ್ನಾಯುಗಳಿಗೆ ಬೇಕಾದ ಒಂದು ಪ್ರೋಟೀನನ್ನು ಇದು ತಯಾರಿಸುತ್ತದೆ. ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನರಲ್ಲಿ ಈ ಪ್ರೋಟೀನ್ ತಯಾರಾಗುವುದೇ ಇಲ್ಲ, ಆದರೂ ಅವರು ಆರೋಗ್ಯವಾಗಿದ್ದಾರೆ. ಉನ್ನತ ಮಟ್ಟದ ವೇಗದ ಓಟಗಾರರಲ್ಲಿ ಇಂಥವರು ಕಡಿಮೆ ಎಂದು 2003ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಇದು ಇಲ್ಲದವರು ದೂರದ ಓಟಕ್ಕೆ ಹೇಳಿ ಮಾಡಿಸಿದವರು ಎಂಬ ಸುದ್ದಿಯೂ ಹಬ್ಬಿತು. ದೂರದ ಓಟದ ರಾಜರಾದ ಕೀನ್ಯಾದವರಲ್ಲಿ ನೋಡಿದರೆ ಬಹುತೇಕ ಎಲ್ಲರಲ್ಲೂ ಆ ಪ್ರೋಟೀನ್ ಇದೆ! ಇನ್ನೊಂದು ಎಸಿಇ ಎಂಬ ವಂಶವಾಹಿ. 1998ರಲ್ಲಿ ಬ್ರಿಟನ್ನಿನ ಪರ್ವತಾರೋಹಿಗಳಲ್ಲಿ ಇದರ ಒಂದು ಬಗೆ ಹೆಚ್ಚು ಕಂಡಿತು, ‘ದಮ್ಮಿನ ಜೀನ್ ಸಿಕ್ಕಿತು’ ಎಂದು ಪತ್ರಿಕೆಗಳು ಬರೆದವು. ಕೀನ್ಯಾದ ಓಟಗಾರರನ್ನೂ ಅಲ್ಲಿನ ಸಾಮಾನ್ಯ ಜನರನ್ನೂ ಹೋಲಿಸಿದಾಗ ಆ ಸಂಬಂಧ ಕಾಣಲಿಲ್ಲ.

ಒಂದೇ ವಂಶವಾಹಿ ದೊಡ್ಡ ಪರಿಣಾಮ ಮಾಡಿದ ಉದಾಹರಣೆ ಇಲ್ಲವೇ? ಇದೆ, ಆದರೆ ತೀರ ಅಪರೂಪ. ಫಿನ್‌ಲೆಂಡಿನ ಏರೋ ಮಾಂಟಿರಾಂಟ ಹಿಮದ ಮೇಲೆ ದೂರ ಜಾರುವ ಸ್ಪರ್ಧೆಯಲ್ಲಿ 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. ಅವರ ರಕ್ತದಲ್ಲಿ ಕೆಂಪು ಕಣಗಳು ವಿಪರೀತ ಹೆಚ್ಚು. ಅದಕ್ಕೆ ಕಾರಣ ಅವರ ಕುಟುಂಬದಲ್ಲಿ ಇಳಿದುಬಂದ ಒಂದು ವಂಶವಾಹಿ ಬದಲಾವಣೆ ಎಂದು 1990ರ ದಶಕದಲ್ಲಿ ಪತ್ತೆಯಾಯಿತು. ಅದೇ ಬದಲಾವಣೆ ಅವರ ಬಂಧುಗಳಲ್ಲಿ ಹಲವರಲ್ಲಿತ್ತು. ಅವರೆಲ್ಲ ಒಲಿಂಪಿಕ್ಸ್ ಗೆಲ್ಲಲಿಲ್ಲ. ಒಂದೇ ರಕ್ತವಿದ್ದರೂ ಹಿಮದಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದವನು ಗೆದ್ದ.

ಉಳಿದ ನಮಗೆಲ್ಲ ದಮ್ಮು ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲುಗಳಿಂದ ಬರುತ್ತದೆ. ಒಂದೆರಡನ್ನು ನೋಡಿ ಮಗುವಿನ ಹಣೆಬರಹ ಹೇಳಲು ಆಗುವುದಿಲ್ಲ. 2015ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಇಂಗ್ಲೆಂಡಿನ ಕ್ರೀಡಾ ವೈದ್ಯಕೀಯ ಪತ್ರಿಕೆಯಲ್ಲಿ ಒಮ್ಮತದ ಹೇಳಿಕೆ ಕೊಟ್ಟರು: ಪ್ರತಿಭೆ ಗುರುತಿಸುವುದರಲ್ಲಿ ಈ ಪರೀಕ್ಷೆಗಳಿಗೆ ಯಾವ ಪಾತ್ರವೂ ಇಲ್ಲ, ಮಕ್ಕಳನ್ನು ಇವಕ್ಕೆ ಒಳಪಡಿಸಬಾರದು. ಆ ಹಣವನ್ನು ಒಂದು ಜೊತೆ ಒಳ್ಳೆಯ ಶೂಗೂ ಒಂದು ಹಿಮೋಗ್ಲೋಬಿನ್ ಪರೀಕ್ಷೆಗೂ ಹಾಕಿ.

ನಮ್ಮ ರಾಜ್ಯದಲ್ಲೇ ನಡೆದ ಪ್ರಯೋಗ

‘ರಕ್ತದಲ್ಲಿರುವ ಓಟ’ವನ್ನು ನಂಬಿ ಸರ್ಕಾರವೇ ಒಂದು ಯೋಜನೆ ಮಾಡಿದ ಕಥೆ ನಮ್ಮ ಕರ್ನಾಟಕದಲ್ಲೇ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಪೋರ್ಚುಗೀಸರು ಮತ್ತಿತರರು ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ ಅವರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಮುಸ್ಲಿಂ ಸಿದ್ದಿಗಳು ಹೆಚ್ಚಾಗಿ ಹಳಿಯಾಳದ ಕಡೆಯವರು.

1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಆಫ್ರಿಕಾದವರು ಒಲಿಂಪಿಕ್ಸ್‌ನಲ್ಲಿ ಗೆಲ್ಲುತ್ತಾರೆ, ಇವರು ಆಫ್ರಿಕಾ ಮೂಲದವರು, ಆದ್ದರಿಂದ ಇವರೂ ಗೆಲ್ಲಬೇಕು ಎಂಬುದು ಅದರ ಹಿಂದಿನ ಲೆಕ್ಕ. ಮಕ್ಕಳು ಚೆನ್ನಾಗಿಯೇ ಬೆಳೆದರು. ಕಮಲಾ ಸಿದ್ದಿಯಂಥ ಕ್ರೀಡಾಪಟುಗಳ ಹೆಸರು ಕೇಳಿಬಂತು. ಆದರೆ 1990ರ ದಶಕದಲ್ಲಿ ಯೋಜನೆ ನಿಂತಿತು. ರಕ್ತ ಅದೇ, ಕಾಡು ಅದೇ, ಮಕ್ಕಳೂ ಅವರೇ. ಊಟ, ಮೈದಾನ, ಕೋಚ್ ಇಲ್ಲವಾದಾಗ ಓಟವೂ ಕುಂಠಿತವಾಯಿತು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದೇ 2003ರಲ್ಲಿ. ಇತ್ತೀಚಿನ ವರ್ಷಗಳಲ್ಲಿ ಮುಂಡಗೋಡದ ಕಡೆ ಅವರ ಮಕ್ಕಳಿಗೆ ಮತ್ತೆ ತರಬೇತಿ ಸಿಗುತ್ತಿದೆ ಎಂಬುದು ಸಂತೋಷದ ವಿಷಯ.

ಆ ಲೆಕ್ಕದಲ್ಲಿ ವಿಜ್ಞಾನದ ತಪ್ಪೂ ಇತ್ತು. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಅವರಲ್ಲಿ ಆಫ್ರಿಕಾದ ಬಾಂಟು ಜನರ ಪಾಲು ಹೆಚ್ಚು, ಜೊತೆಗೆ ಭಾರತೀಯ ಮತ್ತು ಯುರೋಪಿನ ಪಾಲೂ ಸೇರಿದೆ ಎಂದು ತಿಳಿಸಿದರು. ದೂರದ ಓಟದಲ್ಲಿ ಜಗತ್ತನ್ನು ಗೆದ್ದ ಕೀನ್ಯಾದ ಕಲೆಂಜಿನ್ ಬುಡಕಟ್ಟಿನವರು ಬಾಂಟು ಮೂಲದವರಲ್ಲ, ಅವರ ಬೇರೇ ಬೇರೆ. ಆಫ್ರಿಕಾ ಎಂದರೆ ಒಂದು ರಕ್ತವಲ್ಲ. ಮನುಷ್ಯರಲ್ಲಿ ವಂಶವಾಹಿಗಳ ವೈವಿಧ್ಯ ಅತಿ ಹೆಚ್ಚು ಇರುವುದು ಆ ಖಂಡದಲ್ಲೇ. ಚರ್ಮದ ಬಣ್ಣ ನೋಡಿ ಓಟ ಅಳೆಯುವುದು, ಹೆಸರು ನೋಡಿ ಮನುಷ್ಯನನ್ನು ಅಳೆದ ಹಾಗೆ.

ಕಲೆಂಜಿನ್ನರ ಗೆಲುವಿಗೂ ರಕ್ತ ಒಂದೇ ಕಾರಣವಲ್ಲ. ಅವರ ತರಬೇತಿಯ ಊರು ಇಟೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ನಮ್ಮ ಪಕ್ಕದ ಜಿಲ್ಲೆಯ ನಂದಿಬೆಟ್ಟದ ತುದಿಯೇ 1,478 ಮೀಟರ್. ಮ್ಯಾರಥಾನ್ ವೀರ ಎಲಿಯುಡ್ ಕಿಪ್‌ಚೋಗೆ ಹುಟ್ಟಿದ ಕೌಂಟಿಯ ಹೆಸರೂ ನಂದಿ ಎಂಬುದು ಒಂದು ಸೋಜಿಗ. ಎತ್ತರದ ತೆಳುಗಾಳಿಯಲ್ಲಿ ಬೆಳೆದದ್ದು, ಹಗುರ ಮೈಕಟ್ಟು, ಓಟವೇ ಬಡತನ ದಾಟುವ ದಾರಿಯೆಂಬ ಛಲ, ಊರ ತುಂಬ ಜೊತೆಗಾರರು, ಇವೆಲ್ಲ ಕೂಡಿ ಅವರನ್ನು ಗೆಲ್ಲಿಸುತ್ತವೆ.

ಒಂದೇ ಗರ್ಭ, ಎರಡು ಬದುಕು

ಸೋಮಾಲಿಲ್ಯಾಂಡಿನಲ್ಲಿ 1983ರಲ್ಲಿ ಹುಟ್ಟಿದ ಮೊ ಫರಾಹ್ 2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್ ಎರಡರಲ್ಲೂ 5,000 ಮತ್ತು 10,000 ಮೀಟರ್ ಚಿನ್ನ ಗೆದ್ದರು. ಗೆದ್ದಾಗಲೆಲ್ಲ ಟ್ರ್ಯಾಕಿನ ಮೇಲೆಯೇ ಸುಜೂದ್ ಮಾಡುತ್ತಿದ್ದ ಅವರನ್ನು ನಮ್ಮಲ್ಲಿ ಅನೇಕರು ಟಿವಿಯಲ್ಲಿ ನೋಡಿದ್ದಾರೆ. ಅವರಿಗೆ ಹಸನ್ ಎಂಬ ಒಂದೇ ರೂಪದ ಅವಳಿ ಸಹೋದರ ಇದ್ದಾರೆ. ಒಂದೇ ರೂಪದ ಅವಳಿಗಳೆಂದರೆ ವಂಶವಾಹಿಗಳೂ ಒಂದೇ.

ಎಂಟೊಂಬತ್ತು ವರ್ಷದವರಿದ್ದಾಗ ಇಬ್ಬರೂ ಬೇರೆಯಾದರು. ಮೊ ಅವರನ್ನು ಬೇರೊಬ್ಬ ಹುಡುಗನ ಹೆಸರಿನಲ್ಲಿ ಅಕ್ರಮವಾಗಿ ಬ್ರಿಟನ್ನಿಗೆ ಕರೆದೊಯ್ದು ಮನೆಗೆಲಸಕ್ಕೆ ಹಚ್ಚಿದ್ದರು. ತಮ್ಮ ನಿಜವಾದ ಹೆಸರು ಹುಸೇನ್ ಅಬ್ದಿ ಕಾಹಿನ್ ಎಂದು 2022ರಲ್ಲಿ ಅವರೇ ಬಹಿರಂಗಪಡಿಸಿದರು. ಶಾಲೆಯಲ್ಲಿ ಅಲನ್ ವಾಟ್ಕಿನ್‌ಸನ್ ಎಂಬ ಪಿ.ಟಿ. ಮೇಷ್ಟ್ರು ಆ ಹುಡುಗನ ಓಟ ನೋಡಿದರು, ಅವನ ಕಷ್ಟವನ್ನೂ ಕೇಳಿದರು, ಕೈ ಹಿಡಿದರು. ಆಫ್ರಿಕಾದಲ್ಲೇ ಉಳಿದ ಹಸನ್ ಒಲಿಂಪಿಕ್ಸ್ ಓಟಗಾರರಾಗಲಿಲ್ಲ. ಒಂದು ಜೋಡಿಯಿಂದ ವಿಜ್ಞಾನ ಸಾಬೀತಾಗುವುದಿಲ್ಲ, ನಿಜ. ಆದರೂ ರಕ್ತ ಒಂದೇ ಆದಾಗ ಒಬ್ಬ ಮೇಷ್ಟ್ರು, ಒಂದು ಮೈದಾನ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂದು ಯೋಚಿಸಿ.

ಹೆಣ್ಣುಮಕ್ಕಳ ತಾಯಂದಿರು ಸಿಫಾನ್ ಹಸನ್ ಅವರ ಹೆಸರನ್ನೂ ನೆನಪಿಟ್ಟುಕೊಳ್ಳಿ. ಇಥಿಯೋಪಿಯಾದಲ್ಲಿ ಹುಟ್ಟಿ 15ನೇ ವಯಸ್ಸಿನಲ್ಲಿ ನಿರಾಶ್ರಿತೆಯಾಗಿ ನೆದರ್ಲೆಂಡ್ಸ್ ಸೇರಿದ ಹುಡುಗಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಚಿನ್ನ ಗೆದ್ದು, ಹಿಜಾಬ್ ಧರಿಸಿ ಪದಕ ಸ್ವೀಕರಿಸಿದರು.

ನಮ್ಮ ದೀನ್ ಏನು ತೋರಿಸುತ್ತದೆ?

ವಂಶದ ಹೆಮ್ಮೆಯನ್ನು ನಮ್ಮ ಪ್ರವಾದಿ(ಸ) ತಮ್ಮ ವಿದಾಯ ಭಾಷಣದಲ್ಲೇ ಕಾಲಡಿ ಹಾಕಿದ್ದಾರೆ. ವಂಶದ ಕೀಳರಿಮೆಯೂ ಅದೇ ರೋಗದ ಇನ್ನೊಂದು ಮುಖ.

ಹಝ್ರತ್ ಆಯಿಶಾ(ರ) ಅವರು ಪ್ರವಾದಿ(ಸ)ರ ಜೊತೆ ಪ್ರಯಾಣದಲ್ಲಿದ್ದಾಗ ಇಬ್ಬರೂ ಓಟದ ಪಂದ್ಯ ಕಟ್ಟಿದ್ದರು. ಆಯಿಶಾ(ರ) ಗೆದ್ದರು. ಕೆಲವು ವರ್ಷಗಳ ನಂತರ, ಅವರ ಮೈ ತುಂಬಿಕೊಂಡಿದ್ದಾಗ ಮತ್ತೆ ಓಡಿದರು, ಆಗ ಪ್ರವಾದಿ(ಸ) ಗೆದ್ದು, ಹಿಂದಿನದಕ್ಕೆ ಇದು ಸರಿಹೋಯಿತು ಎಂದು ನಗೆಯಾಡಿದರು. ಪತ್ನಿಯ ಜೊತೆ ಓಡಲು ಅವರಿಗೆ ಸಂಕೋಚವಿರಲಿಲ್ಲ. ವೈದ್ಯನ ಕಣ್ಣಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಓಡಿದವರು ಅದೇ ಇಬ್ಬರು, ಫಲಿತಾಂಶ ಬದಲಾದದ್ದು ದೇಹಸ್ಥಿತಿಯಿಂದ.

ಕಾಲ್ನಡಿಗೆಯ ವೇಗಕ್ಕೆ ಹೆಸರಾದ ಸಹಾಬಿ ಸಲಮಾ ಬಿನ್ ಅಕ್ವಾ(ರ) ಅವರ ಪ್ರಸಂಗವನ್ನು ಓಡುವ ಹುಡುಗರಿಗೆ ಹೇಳಿಕೊಡಿ. ಮದೀನಾಕ್ಕೆ ಮರಳುವಾಗ ಅನ್ಸಾರರ ಪೈಕಿ ಒಬ್ಬ ಓಟಗಾರ ಸವಾಲು ಹಾಕಿದ. ಸಲಮಾ(ರ) ಒಂದೆರಡು ದಿಬ್ಬ ದಾಟುವವರೆಗೆ ಬೇಕೆಂದೇ ತಡೆದು ಓಡಿ ಉಸಿರು ಉಳಿಸಿಕೊಂಡರು, ಆಮೇಲೆ ವೇಗ ಹೆಚ್ಚಿಸಿ ಹಿಂದಿಕ್ಕಿದರು. ಪೊಲೀಸ್ ಪರೀಕ್ಷೆಯಲ್ಲಿ ನಮ್ಮ ಹುಡುಗರು ಮಾಡುವ ದೊಡ್ಡ ತಪ್ಪೇ ಇದರ ವಿರುದ್ಧದ್ದು. ಮೊದಲ ಸುತ್ತಿನಲ್ಲೇ ಜೀವ ಬಿಟ್ಟು ಓಡಿ ಮೂರನೇ ಸುತ್ತಿನಲ್ಲಿ ನಡೆಯುತ್ತಾರೆ. 400 ಮೀಟರಿನ ನಾಲ್ಕು ಸುತ್ತನ್ನು ಆರೂವರೆ ನಿಮಿಷದಲ್ಲಿ ಮುಗಿಸಲು ಸುತ್ತಿಗೆ 97 ಸೆಕೆಂಡ್ ಸಾಕು. ಮೊದಲ ಸುತ್ತನ್ನು 75 ಸೆಕೆಂಡಿನಲ್ಲಿ ಓಡುವ ಅಗತ್ಯವೇ ಇಲ್ಲ.

ಮಿಜಾಜ್ ಹುಟ್ಟಿನದು, ಆರು ಸಂಗತಿ ಕೈಯಲ್ಲಿವೆ

ಯುನಾನಿ ವೈದ್ಯದಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿನಿಂದ ಬಂದ ಒಂದು ಮಿಜಾಜ್ ಇದೆ ಎನ್ನುತ್ತೇವೆ. ಅದರ ಜೊತೆಗೇ ಆರೋಗ್ಯವನ್ನು ನಡೆಸುವ ಆರು ಅನಿವಾರ್ಯ ಸಂಗತಿಗಳನ್ನು, ಅಸ್ಬಾಬೆ ಸಿತ್ತಾ ಝರೂರಿಯಾವನ್ನು, ಹೇಳುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ವ್ಯಾಯಾಮಕ್ಕೆಂದೇ ಅಧ್ಯಾಯಗಳನ್ನು ಬರೆದಿದ್ದಾರೆ. ಉಸಿರು ಆಳವಾಗಿ, ಬೇಗಬೇಗ ಆಗುವಂತೆ ಸ್ವಇಚ್ಛೆಯಿಂದ ಮಾಡುವ ಚಲನೆಯೇ ಅವರ ಪ್ರಕಾರ ರಿಯಾಝತ್. ವ್ಯಾಯಾಮಕ್ಕೆ ಮೊದಲು ಮೈ ಸಿದ್ಧಗೊಳಿಸುವ ತಿಕ್ಕುವಿಕೆ, ನಂತರ ದಣಿವಾರಿಸುವ ತಿಕ್ಕುವಿಕೆ ಎಂದು ಎರಡು ಬಗೆಯ ದಲ್ಕ್ ಕೂಡ ಹೇಳಿದ್ದಾರೆ. ಇಂದಿನ ಕೋಚ್ ವಾರ್ಮ್‌ಅಪ್, ಕೂಲ್‌ಡೌನ್ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು.

ಮೊದಲು ರಕ್ತ. ಓಡಿದರೆ ಬೇಗ ಉಸಿರು ಕಟ್ಟುತ್ತದೆ ಎನ್ನುವ ಹುಡುಗಿಯರಲ್ಲಿ ನಾನು ಮೊದಲು ನೋಡುವುದು ಕಣ್ಣಿನ ಕೆಳರೆಪ್ಪೆಯ ಬಣ್ಣ, ಆಮೇಲೆ ಹಿಮೋಗ್ಲೋಬಿನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡಿದೆ. ಹೆಣ್ಣುಮಕ್ಕಳಲ್ಲಿ 12 ಗ್ರಾಂ, ಗಂಡಸರಲ್ಲಿ 13 ಗ್ರಾಂಗಿಂತ ಕೆಳಗಿದ್ದರೆ ಅದನ್ನು ಸರಿಪಡಿಸದೆ ದಮ್ಮಿನ ಮಾತಾಡುವುದು ವ್ಯರ್ಥ. ಖಾನ್‌ದಾನಿನ ದೋಷ ಎಂದುಕೊಂಡದ್ದು ಎಷ್ಟೋ ಸಲ ಕಬ್ಬಿಣದ ಕೊರತೆ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆ ಎರಡನ್ನೂ ತಪ್ಪಿಸಬೇಡಿ. ವಾರಕ್ಕೊಂದೆರಡು ಸಲ ಮಾಂಸ ಅಥವಾ ಕಲೀಜಿ, ಹುರುಳಿ ಸಾರು, ನುಗ್ಗೆ ಸೊಪ್ಪು, ಖರ್ಜೂರ ಇರಲಿ. ಊಟದ ಜೊತೆ ನಿಂಬೆ ಹಿಂಡಿ, ಸೀಬೆ ಅಥವಾ ನೆಲ್ಲಿಕಾಯಿ ಕೊಡಿ, ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯುವ ರೂಢಿ ಬಿಡಿ, ಕನಿಷ್ಠ ಒಂದು ಗಂಟೆ ಅಂತರವಿರಲಿ.

ಎರಡನೆಯದು ಇಂಧನ. ಉದ್ದ ಓಟಕ್ಕೆ ಬೇಕಾದದ್ದು ರಾಗಿ, ಅಕ್ಕಿ, ಗೋಧಿಯ ಪಿಷ್ಟವೇ. ರಾಗಿಮುದ್ದೆ ಉಣ್ಣುವ ನಾಡಿನವರು ಡಬ್ಬಿಯ ಪುಡಿ ಹುಡುಕಬೇಕಿಲ್ಲ. ‘ತಾಕತ್ತಿನ ಪುಡಿ’ ಎಂದು ಹೆಸರು ವಿಳಾಸವಿಲ್ಲದೆ ಮಾರುವವುಗಳಲ್ಲಿ ಸ್ಟೀರಾಯ್ಡ್ ಬೆರೆಸುವವರಿದ್ದಾರೆ. ಯುನಾನಿ ಹೆಸರಿನಲ್ಲಿ ಮಾರಿದರೂ ಮುಟ್ಟಬೇಡಿ. ಹೊಟ್ಟೆ ತುಂಬ ಉಂಡು ಓಡಬೇಡಿ.

ಮೂರನೆಯದು ಕ್ರಮ. ಮೊದಲ ಎರಡು ವಾರ ವಾರಕ್ಕೆ ನಾಲ್ಕು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬಂತೆ ಅರ್ಧ ಗಂಟೆ. ನಂತರ ಓಟ ಹೆಚ್ಚಿಸಿ ನಡಿಗೆ ಕಡಿಮೆ ಮಾಡಿ. ಹೆಚ್ಚಿನ ದಿನಗಳ ಓಟ ಪಕ್ಕದವನ ಜೊತೆ ಮಾತಾಡಲಾಗುವಷ್ಟು ನಿಧಾನವಾಗಿರಲಿ. ಐದನೇ ವಾರದಿಂದ ವಾರಕ್ಕೆ ಒಂದು ದಿನ ಮಾತ್ರ ಜೋರಾಗಿ 400 ಮೀಟರ್ ನಾಲ್ಕು ಸಲ, ನಡುವೆ ಮೂರು ನಿಮಿಷ ಬಿಡುವು. ಬಂಡೆ, ಟಾರು ರಸ್ತೆಗಿಂತ ಮಣ್ಣಿನ ದಾರಿ ಮೊಣಕಾಲಿಗೆ ಹಿತ. ನಾಲ್ಕು ವಾರಕ್ಕೊಮ್ಮೆ ಅದೇ ಜಾಗದಲ್ಲಿ ಸಮಯ ನೋಡಿ ಬರೆದಿಡಿ. ನಾಲ್ಕೈದು ತಿಂಗಳು ಹೀಗೆ ಮಾಡಿದ ಮೇಲಷ್ಟೇ ನಿಮ್ಮ ರಕ್ತದಲ್ಲಿ ಏನಿದೆ ಎಂದು ಹೇಳುವ ಹಕ್ಕು ನಿಮಗೆ ಬರುತ್ತದೆ.

ನಾಲ್ಕನೆಯದು ನಿದ್ದೆ. ಫಜ್ರ್‌ಗೆ ಏಳುವ ಹುಡುಗ ಇಶಾ ಆದ ಮೇಲೆ ಮೊಬೈಲ್ ಹಿಡಿದು ಎರಡು ಗಂಟೆವರೆಗೆ ಕುಳಿತರೆ ಓಟ ಸುಧಾರಿಸದು. ರಮಝಾನಿನಲ್ಲಿ ಬಿಸಿಲಿನ ಹೊತ್ತಿನ ಕಠಿಣ ಓಟ ಬೇಡ. ಇಫ್ತಾರಿಗೆ ಸ್ವಲ್ಪ ಮುಂಚೆ ಹಗುರವಾಗಿ, ಇಲ್ಲವೇ ತರಾವೀಹ್ ನಂತರ ಓಡಬಹುದು.

ಹೆಣ್ಣುಮಕ್ಕಳಿಗೆ ಜಾಗದ ತೊಂದರೆಯಿದೆ ಎಂಬುದು ನಿಜ. ಬೆಳಗಿನ ಹೊತ್ತು ಅಬ್ಬಾ ಅಥವಾ ಅಣ್ಣನ ಜೊತೆ, ಸಡಿಲವಾದ ಮೈತುಂಬುವ ಉಡುಪಿನಲ್ಲಿ, ಇಬ್ಬರು ಮೂವರು ಹುಡುಗಿಯರು ಕೂಡಿ ಶಾಲೆಯ ಮೈದಾನದಲ್ಲಿ ಓಡಬಹುದು.

ಖಾನ್‌ದಾನಿನ ವಿಷಯ ಕೇಳಲೇಬೇಕಾದ ಕಡೆ

ಹೀಗೆಂದ ಮಾತ್ರಕ್ಕೆ ವಂಶವನ್ನು ಮರೆತುಬಿಡಿ ಎನ್ನುತ್ತಿಲ್ಲ. ಗೆಲುವಿನ ಭವಿಷ್ಯ ಹೇಳಲು ಅದು ಕೆಲಸಕ್ಕೆ ಬಾರದು, ಅಪಾಯ ತಿಳಿಯಲು ಖಂಡಿತ ಬೇಕು. ಮಗನನ್ನು ಮೈದಾನಕ್ಕೆ ಕಳಿಸುವ ಮೊದಲು ನಾನಿ, ದಾದಿಯರನ್ನು ಕೂರಿಸಿಕೊಂಡು ಇವನ್ನು ಕೇಳಿ.

ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ, ಐವತ್ತರ ಒಳಗೆ, ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಹೃದಯದ ಸ್ನಾಯು ದಪ್ಪಗಾಗುವ ಒಂದು ಕಾಯಿಲೆ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೊರಗೆ ಏನೂ ಕಾಣುವುದಿಲ್ಲ, ಜೋರು ಓಟದಲ್ಲಿ ಪ್ರಾಣಕ್ಕೆ ಕುತ್ತು ತರಬಹುದು. ಓಡುವಾಗ ಮಗು ತಲೆಸುತ್ತಿ ಬಿದ್ದಿದೆಯೇ, ಎದೆ ನೋವು ಎಂದಿದೆಯೇ? ಹಾಗಿದ್ದರೆ ಓಟ ನಿಲ್ಲಿಸಿ, ಹೃದ್ರೋಗ ತಜ್ಞರಲ್ಲಿ ಇಸಿಜಿ ಮತ್ತು ಎಕೋ ಮಾಡಿಸಿ. ಇಲ್ಲಿ ಯಾವ ಕಷಾಯವೂ ಖಮೀರಾವೂ ಪರೀಕ್ಷೆಯ ಬದಲಿಗೆ ಬರುವುದಿಲ್ಲ.

ನಮ್ಮಲ್ಲಿ ಚಾಚಾ, ಮಾಮುಗಳ ಮಕ್ಕಳ ನಡುವೆ ಮದುವೆಗಳಾಗುತ್ತವೆ. ಇದು ಹಲಾಲ್, ತಕರಾರಿಲ್ಲ. ಆದರೆ ಒಂದೇ ಮನೆತನದೊಳಗೆ ತಲೆಮಾರುಗಳಿಂದ ಮದುವೆಯಾದಾಗ ಅಡಗಿದ್ದ ದೋಷಗಳು ಎರಡೂ ಕಡೆಯಿಂದ ಸೇರಿ ಹೊರಬೀಳುವ ಸಾಧ್ಯತೆ ಹೆಚ್ಚುತ್ತದೆ. ಹುಟ್ಟಿನಿಂದ ಕಿವಿ ಕೇಳದ ಮಗು ಓಡುವಾಗ ಅಥವಾ ಬೆಚ್ಚಿದಾಗ ಪ್ರಜ್ಞೆ ತಪ್ಪಿದರೆ ಅದು ಮೂರ್ಛೆರೋಗವೆಂದು ಸುಮ್ಮನಾಗಬೇಡಿ. ಹೃದಯದ ವಿದ್ಯುತ್ ಲಯದ ಒಂದು ವಂಶಾಗತ ದೋಷ ಹೀಗೆಯೇ ಕಾಣಿಸಿಕೊಳ್ಳುತ್ತದೆ, ಒಂದು ಇಸಿಜಿಯಲ್ಲಿ ಸುಳಿವು ಸಿಗುತ್ತದೆ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಥಲಸ್ಸೀಮಿಯಾ ವಾಹಕತ್ವದ ಪರೀಕ್ಷೆ ಮಾಡಿಸಿ. ಅದು ಮುಂದೆ ಮದುವೆ ನಿಶ್ಚಯಿಸುವಾಗಲೂ ಉಪಯೋಗಕ್ಕೆ ಬರುತ್ತದೆ. ಓಡಿದ ನಂತರ ಒಣಕೆಮ್ಮು, ಗೊರಗೊರ ಉಸಿರು ಬಂದರೆ ಅಸ್ತಮಾ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಓಟ ಬಿಡಬೇಕಿಲ್ಲ. ಜ್ವರವಿದ್ದಾಗ ಮಾತ್ರ ಯಾರೂ ಓಡಬಾರದು.

ಇಷ್ಟು ಕೇಳಿ, ಇಷ್ಟು ನೋಡಿಕೊಂಡ ಮೇಲೆ ಮಗುವನ್ನು ಮೈದಾನಕ್ಕೆ ಬಿಡಿ. ಎಲ್ಲರೂ ಮೊ ಫರಾಹ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆರೂವರೆ ನಿಮಿಷದಲ್ಲಿ 1,600 ಮೀಟರ್ ಓಡಲು ಕಲೆಂಜಿನ್ ರಕ್ತ ಬೇಕಿಲ್ಲ. ಸರಿಯಾದ ಹಿಮೋಗ್ಲೋಬಿನ್, ನಾಲ್ಕೈದು ತಿಂಗಳ ಬೆಳಗುಗಳು, ಮನೆಯವರ ಒಂದು ಒಳ್ಳೆಯ ಮಾತು ಇದ್ದರೆ ಬಹುತೇಕ ಆರೋಗ್ಯವಂತ ಯುವಕರಿಗೆ ಅದು ಸಾಧ್ಯ. ಅಲ್ಲಾಹನು ಕೊಟ್ಟ ದೇಹ ಅಮಾನತ್. ಅದರಲ್ಲಿ ಏನಿಟ್ಟಿದ್ದಾನೆ ಎಂದು ತೆರೆದು ನೋಡುವ ಮೊದಲೇ ಮುಚ್ಚಿಡುವುದು ನ್ಯಾಯವಲ್ಲ. ಅವನು ನಿಮ್ಮ ಮಕ್ಕಳಿಗೆ ಆರೋಗ್ಯ, ಆಫಿಯತ್ ಎರಡನ್ನೂ ಕರುಣಿಸಲಿ.